ಪಾಲುದಾರಿಕೆಗೆ ಕಾಯ್ದೆ ಯಾಕೆ ಬೇಕು? ತಿರುಮಣಿಯ ಲೆಕ್ಕ

ಮೊದಲು ವ್ಯಾಖ್ಯೆ ಮುಗಿಸಿಬಿಡೋಣ. ರಸ್ತೆ, ಬಂದರು, ವಿಮಾನ ನಿಲ್ದಾಣದಂಥ ಸೌಕರ್ಯವನ್ನು ಸರ್ಕಾರವೂ ಖಾಸಗಿ ಕಂಪನಿಯೂ ದೀರ್ಘಾವಧಿ ಕರಾರಿನ ಮೇಲೆ ಕೂಡಿ ಕಟ್ಟಿ ನಡೆಸಿದರೆ ಅದು ಸಾರ್ವಜನಿಕ-ಖಾಸಗಿ ಸಹಭಾಗಿತ್ವ, ಅಂದರೆ ಪಿಪಿಪಿ. ಕಂಟ್ರಾಕ್ಟರ್ ಕೆಲಸ ಮುಗಿಸಿ ಬಿಲ್ ಪಡೆದು ಹೊರಡುತ್ತಾನೆ. ಪಾಲುದಾರ ಲಾಭ-ನಷ್ಟ ಹೊತ್ತು ಉಳಿಯುತ್ತಾನೆ. ವ್ಯತ್ಯಾಸ ಇಷ್ಟೇ.

ಇದಕ್ಕೆಂದೇ ಗುಜರಾತ್ 1999ರಲ್ಲಿ, ಆಂಧ್ರಪ್ರದೇಶ 2001ರಲ್ಲಿ, ತಮಿಳುನಾಡು 2012ರಲ್ಲಿ ಮೂಲಸೌಕರ್ಯ ಅಭಿವೃದ್ಧಿ ಕಾಯ್ದೆ ಮಾಡಿದವು. ಕರ್ನಾಟಕ ಹಿಡಿದದ್ದು ನೀತಿಯ ದಾರಿ: 1997ರ ಮೂಲಸೌಕರ್ಯ ನೀತಿ, ಆಮೇಲೆ 2007ರ ಹೊಸ ನೀತಿ. ‘ಕಾಯ್ದೆಯಿಲ್ಲದ ಯೋಜನೆ ಅಕ್ರಮವೇ?’ ಎಂದು ಕೇಳುವವರಿದ್ದಾರೆ. ಅಲ್ಲ. ಕರಾರು ಕಾನೂನು ಇದ್ದೇ ಇದೆ, ಟೆಂಡರ್‌ಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಆದರೆ ನೀತಿಯನ್ನು ಬರೆದ ಸಂಪುಟವೇ ಅದನ್ನು ಬದಲಿಸಬಹುದು. ಕಾಯ್ದೆಯನ್ನು ಬದಲಿಸಲು ವಿಧಾನಮಂಡಲದ ಮುಂದೆ ಬರಬೇಕು. 2016ರಲ್ಲಿ ಆಂಧ್ರದ ಹೊಸ ರಾಜಧಾನಿ ಅಮರಾವತಿಯ ‘ಸ್ವಿಸ್ ಚಾಲೆಂಜ್’ ಟೆಂಡರ್‌ಗೆ (ಒಂದು ಕಂಪನಿ ತಾನೇ ಮುಂದಿಟ್ಟ ಪ್ರಸ್ತಾವಕ್ಕೆ ಇತರರಿಂದ ಪೈಪೋಟಿ ಕರೆಯುವ ವಿಧಾನ) ಹೈಕೋರ್ಟ್ ತಡೆ ಬಿದ್ದಾಗ ಆಂಧ್ರ ಸರ್ಕಾರ ಕಾಯ್ದೆಗೇ ತಿದ್ದುಪಡಿ ತರಬೇಕಾಯಿತು. ಅಷ್ಟರಮಟ್ಟಿಗೆ ವಿಷಯ ಬಯಲಿಗೆ ಬರುತ್ತದೆ.

ಈಗ ತಿರುಮಣಿಗೆ ಬರೋಣ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ, ಮಳೆಗಿಂತ ಬಿಸಿಲೇ ಹೆಚ್ಚು ನಂಬಿಕಸ್ಥವಾಗಿರುವ ಪಾವಗಡ ತಾಲ್ಲೂಕಿನ ಊರಿದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಹರಡಿದೆ. ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೇರಿ 2015ರಲ್ಲಿ ಕಟ್ಟಿದ ಜಂಟಿ ಸಂಸ್ಥೆ ಜಮೀನು, ರಸ್ತೆ, ಸಬ್‌ಸ್ಟೇಷನ್‌ಗಳನ್ನು ಹೊಂದಿಸಿಕೊಟ್ಟಿತು; ಟೆಂಡರ್ ಗೆದ್ದ ಕಂಪನಿಗಳು ಫಲಕ ಹಾಕಿದವು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ಣ ಸಾಮರ್ಥ್ಯ.

‘ರೈತರ ಭೂಮಿ ಕಂಪನಿ ಪಾಲಾಯಿತು’ ಎಂಬ ಮಾತು ಇಲ್ಲಿ ತಪ್ಪು. ಇಲ್ಲಿ ಭೂಸ್ವಾಧೀನ ಆಗಲಿಲ್ಲ. ಭೂಮಿ ರೈತನದೇ, ಜಂಟಿ ಸಂಸ್ಥೆ ಅದನ್ನು ಗುತ್ತಿಗೆಗೆ ಪಡೆದಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಭೂಮಿ ಕಳೆದುಕೊಳ್ಳದೆ ಯೋಜನೆ ಬಂದದ್ದು ದೊಡ್ಡ ಸಂಗತಿಯೇ, ಅದನ್ನು ಮೆಚ್ಚಲೇಬೇಕು.

ಆದರೆ ಓದುಗರು ಎಡವುವುದು ಆ ‘ಶೇ. 5’ರಲ್ಲಿ. ಬೆಲೆಯೇರಿಕೆ ವರ್ಷಕ್ಕೆ ಶೇ. 4ರ ಆಸುಪಾಸಿನಲ್ಲಿರಲಿ ಎಂಬುದು ರಿಸರ್ವ್ ಬ್ಯಾಂಕಿನ ಗುರಿ. ಐದು ನಾಲ್ಕಕ್ಕಿಂತ ದೊಡ್ಡದು, ರೈತ ಗೆದ್ದ ಎಂದು ನಾವು ಮುಂದೆ ಹೋಗಿಬಿಡುತ್ತೇವೆ. ಪೆನ್ಸಿಲ್ ಹಿಡಿಯಿರಿ. ಎರಡು ವರ್ಷಕ್ಕೊಮ್ಮೆ ಶೇ. 5 ಅಂದರೆ ವರ್ಷಕ್ಕೆ ಶೇ. 2.5ಕ್ಕೂ ತುಸು ಕಡಿಮೆ. 24 ವರ್ಷದಲ್ಲಿ ಹನ್ನೆರಡು ಏರಿಕೆ ಸೇರಿ 21,000 ಆಗುವುದು ಸುಮಾರು 37,700. ಬೆಲೆಗಳು ವರ್ಷಕ್ಕೆ ಶೇ. 4ರಂತೆ ಏರಿದರೆ, ಮೊದಲ ವರ್ಷ 21,000ಕ್ಕೆ ಸಿಗುತ್ತಿದ್ದ ಸಾಮಾನಿಗೆ ಆಗ ಸುಮಾರು 53,800 ಬೇಕು. ಕೈಗೆ ಬರುವ ಹಣ ಹಿಗ್ಗುತ್ತದೆ, ಅದರ ಕೊಳ್ಳುವ ಶಕ್ತಿ ಮಾತ್ರ ಮೊದಲ ವರ್ಷದ 14,700 ರೂಪಾಯಿಯಷ್ಟಕ್ಕೆ ಇಳಿಯುತ್ತದೆ. (ತರಗತಿಯಲ್ಲಿ ಚಕ್ರಬಡ್ಡಿ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ.)

ಇದನ್ನು ಹೆದ್ದಾರಿ ಟೋಲ್ ಜೊತೆ ಇಟ್ಟು ನೋಡಿ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದ ಪ್ರಕಾರ ಟೋಲ್ ದರ ವರ್ಷಕ್ಕೆ ಮೂಲದರದ ಶೇ. 3ರಷ್ಟು ಏರುತ್ತದೆ, ಮೇಲೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ. 40 ಸೇರುತ್ತದೆ. ಬೆಲೆಯೇರಿಕೆಯ ಹೊರೆಯಲ್ಲಿ ಯಾರಿಗೆಷ್ಟು ಎಂಬುದನ್ನು ನಿಯಮವೇ ಹೇಳಿದೆ. ತಿರುಮಣಿಯ ಸೌರ ಕಂಪನಿಗೆ ಆ ಅನುಕೂಲವಿಲ್ಲ ಎನ್ನುವುದೂ ನಿಜ: ಅದು ದೀರ್ಘಾವಧಿಗೆ ಒಪ್ಪಿಕೊಂಡ ಯೂನಿಟ್ ದರಕ್ಕೆ ಕರೆಂಟ್ ಮಾರಬೇಕು. ಆದರೆ ಆ ದರವನ್ನು ಅದೇ ಲೆಕ್ಕ ಹಾಕಿ ಟೆಂಡರಿನಲ್ಲಿ ನಮೂದಿಸಿತ್ತು. ರೈತ ಟೆಂಡರ್ ಹಾಕಿದವನಲ್ಲ. ಇನ್ನು ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ ಭೂರಹಿತರಿಗೆ ಗುತ್ತಿಗೆ ಹಣದಲ್ಲಿ ಪಾಲೇ ಇಲ್ಲ, ಯಾಕೆಂದರೆ ಹಣ ಹೋಗುವುದು ಪಹಣಿಯ ಹೆಸರಿಗೆ.

ಪಿಪಿಪಿಯ ತಿರುಳೆಂದರೆ ಯಾವ ಅಪಾಯ ಯಾರ ಹೆಗಲಿಗೆ ಎಂಬ ಹಂಚಿಕೆ. ನಮ್ಮ ರಾಜ್ಯಗಳ ಕಾಯ್ದೆಗಳು ಈ ಹಂಚಿಕೆಯನ್ನು ಸರ್ಕಾರ ಮತ್ತು ಕಂಪನಿಯ ನಡುವಿನ ವಿಷಯವೆಂದೇ ಹೆಚ್ಚಾಗಿ ನೋಡಿವೆ. ಜಮೀನು ಕೊಟ್ಟವರನ್ನೂ ದುಡಿಮೆ ಕಳೆದುಕೊಂಡವರನ್ನೂ ಮೂರನೇ ಪಕ್ಷವಾಗಿ ಒಪ್ಪುವ, ಗುತ್ತಿಗೆ ದರವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟುವ, ಕರಾರನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಮುಂದಿಡುವ ಕಾಯ್ದೆ ನಮಗೆ ಬೇಕು.

ವಾಣಿಜ್ಯ, ಕಾನೂನು ಓದುತ್ತಿರುವ ತುಮಕೂರು ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ನಿಮ್ಮೂರಿನ ಒಂದು ಪಿಪಿಪಿ ಯೋಜನೆಯ ಕರಾರನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ, ದರ ಏರಿಕೆಯ ಷರತ್ತನ್ನು ಹುಡುಕಿ, ಮೇಲಿನ ಲೆಕ್ಕವನ್ನು ನೀವೇ ಮಾಡಿ ನೋಡಿ.