ಸ್ತನವೃದ್ಧಿ ಶಸ್ತ್ರಚಿಕಿತ್ಸೆ: ಆತುರ ಬೇಡ

ಕೆಲ ದಿನಗಳ ಹಿಂದೆ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನನ್ನ ಕ್ಲಿನಿಕ್‌ಗೆ ಬಂದಿದ್ದರು. ಮಗಳಿಗೆ ಇಪ್ಪತ್ತಮೂರು ವರ್ಷ. ಗಂಡುಮಗುವೆಂದು ಬೆಳೆಸಲ್ಪಟ್ಟು, ಈಗ ಹೆಣ್ಣಾಗಿ ಬದುಕುತ್ತಿರುವವಳು. ಹಾರ್ಮೋನ್ ಚಿಕಿತ್ಸೆ ಆರಂಭವಾಗಿ ಏಳು ತಿಂಗಳಾಗಿತ್ತು. "ಡಾಕ್ಟ್ರೇ, ಎದೆ ಸಾಲದು, ಆಪರೇಷನ್ ಮಾಡಿಸ್ಲೇಬೇಕು ಅಂತ ಹಟ ಹಿಡಿದಿದ್ದಾಳೆ. ಯಾರೋ ಇಂಜೆಕ್ಷನ್‌ನಲ್ಲೇ ಆಗುತ್ತೆ, ಖರ್ಚೂ ಕಡಿಮೆ ಅಂದ್ರಂತೆ. ಏನು ಮಾಡೋದು?" ಎಂದು ತಾಯಿ ಕೇಳಿದರು.

ಇಂಜೆಕ್ಷನ್ ಎಂಬ ಮಾತು ಕೇಳಿ ನನಗೆ ಗಾಬರಿಯಾಯಿತು. ಇದೇ ಪ್ರಶ್ನೆ ಇಟ್ಟುಕೊಂಡು, ಯಾರನ್ನು ಕೇಳಬೇಕೆಂದು ತಿಳಿಯದ ಮನೆಗಳು ಇನ್ನೂ ಇರಬಹುದು. ಅವರಿಗಾಗಿ ಈ ವಾರದ ಲೇಖನ.

ಮೊದಲು ಹಾರ್ಮೋನ್ ಕೆಲಸ ಮಾಡಲಿ

ಹುಡುಗಿಯರು ಮೈನೆರೆಯುವಾಗ ಎದೆಯ ಬೆಳವಣಿಗೆ ಕೆಲವೇ ತಿಂಗಳಲ್ಲಿ ಮುಗಿಯುವುದಿಲ್ಲ. ಇಲ್ಲಿಯೂ ಹಾಗೆಯೇ. ಈಸ್ಟ್ರೋಜೆನ್ ಆರಂಭಿಸಿದ 3ರಿಂದ 6 ತಿಂಗಳಲ್ಲಿ ಮೊಲೆತೊಟ್ಟಿನ ಹಿಂದೆ ಸಣ್ಣ ಗಂಟಿನಂತೆ ಕಾಣಿಸಿಕೊಂಡು, ಮುಟ್ಟಿದರೆ ನೋಯುತ್ತದೆ. ಬೆಳವಣಿಗೆ ಪೂರ್ತಿಯಾಗಲು 2ರಿಂದ 3 ವರ್ಷ ಬೇಕು. ಎಷ್ಟೋ ಮಂದಿ ಅಷ್ಟಕ್ಕೇ ತೃಪ್ತರಾಗಿ ಶಸ್ತ್ರಚಿಕಿತ್ಸೆಯೇ ಬೇಡವೆನ್ನುತ್ತಾರೆ. ಬೇಕೆನ್ನುವವರೂ ಕನಿಷ್ಠ ಒಂದು ವರ್ಷ ಕಾಯುವುದು ಒಳ್ಳೆಯದು. ಅಷ್ಟರಲ್ಲಿ ಚರ್ಮ ಸ್ವಲ್ಪ ಸಡಿಲವಾಗಿ, ಒಳಗೆ ಇಡುವ ಇಂಪ್ಲಾಂಟನ್ನು ಮುಚ್ಚಲು ಬೇಕಾದ ಅಂಗಾಂಶ ಬೆಳೆದಿರುತ್ತದೆ.

ಬೇಗ ಬೆಳೆಯಲೆಂದು ಮೆಡಿಕಲ್ ಸ್ಟೋರ್‌ನಿಂದ ಗರ್ಭನಿರೋಧಕ ಮಾತ್ರೆ ತಂದು ಎರಡು ಮೂರು ನುಂಗುವವರಿದ್ದಾರೆ. ಇದರಿಂದ ಎದೆ ಬೇಗ ಬೆಳೆಯುವುದಿಲ್ಲ. ಬದಲಾಗಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಸಿಗರೇಟು ಸೇದುವವರಿಗಂತೂ ಅಪಾಯ ಇನ್ನೂ ಹೆಚ್ಚು.

ಎದೆಗೆ ತಕ್ಕ ಅಳತೆ

ಗಂಡು ಪ್ರಾಯ ಕಳೆದ ದೇಹದಲ್ಲಿ ಎದೆಗೂಡು ಅಗಲ, ಸ್ನಾಯು ದಪ್ಪ, ಚರ್ಮ ಬಿಗಿ. ಮೊಲೆತೊಟ್ಟುಗಳು ಚಿಕ್ಕವು, ದೂರ ದೂರ ಇರುತ್ತವೆ. ಆದ್ದರಿಂದ ಇಂಪ್ಲಾಂಟ್ ಇಟ್ಟ ಮೇಲೂ ನಡುವೆ ಅಂತರ ಉಳಿಯಬಹುದು. ಅದನ್ನು ಮುಚ್ಚಲೆಂದು ತೀರ ದೊಡ್ಡದನ್ನು ಇಟ್ಟರೆ ಚರ್ಮ ತೆಳುವಾಗಿ ಅಂಚು ಎದ್ದು ಕಾಣುತ್ತದೆ. ಯಾವ ಅಳತೆ, ಸ್ನಾಯುವಿನ ಮೇಲೋ ಕೆಳಗೋ ಎಂಬುದನ್ನು ಅನುಭವಿ ಪ್ಲಾಸ್ಟಿಕ್ ಸರ್ಜನ್ ಎದೆಯನ್ನು ಪರೀಕ್ಷಿಸಿಯೇ ಹೇಳಬೇಕು. ಸ್ನೇಹಿತೆಗೆ ಹೊಂದಿದ್ದು ನಿಮಗೂ ಹೊಂದಬೇಕೆಂದಿಲ್ಲ.

ತೆಗೆದುಕೊಳ್ಳುತ್ತಿರುವ ಹಾರ್ಮೋನನ್ನು ಸರ್ಜನ್ ಹಾಗೂ ಅರಿವಳಿಕೆ ವೈದ್ಯರಿಂದ ಮುಚ್ಚಿಡಬೇಡಿ. ಅದನ್ನು ನಿಲ್ಲಿಸಬೇಕೇ ಬೇಡವೇ ಎಂಬುದನ್ನು ಅವರೇ ನಿರ್ಧರಿಸಲಿ. ಧೂಮಪಾನವನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಇಲ್ಲವಾದರೆ ಗಾಯ ಮಾಯುವುದು ತಡವಾಗುತ್ತದೆ.

ಒಮ್ಮೆ ಮಾಡಿಸಿದರೆ ಮುಗಿಯಿತೇ?

ಇಲ್ಲ. ಸಿಲಿಕೋನ್ ಇಂಪ್ಲಾಂಟನ್ನು ಮೊದಲ ಬಾರಿಗೆ ಬಳಸಿದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ, 1962ರಲ್ಲಿ. ಇಷ್ಟು ವರ್ಷಗಳ ಅನುಭವ ಹೇಳುವುದೇನೆಂದರೆ, ಇವು ಜೀವಮಾನವಿಡೀ ಬಾಳುವ ವಸ್ತುಗಳಲ್ಲ. ಸುತ್ತಲಿನ ಪೊರೆ ಬಿಗಿದುಕೊಂಡು ಎದೆ ಗಟ್ಟಿಯಾಗಬಹುದು. ಹೊರಗೆ ಏನೂ ತಿಳಿಯದಂತೆ ಒಳಗೇ ಒಡೆಯಬಹುದು. ಸಿಲಿಕೋನ್ ಇಟ್ಟವರು 5–6 ವರ್ಷಗಳ ನಂತರ ಮೊದಲ ಸ್ಕ್ಯಾನ್, ಅನಂತರ 2–3 ವರ್ಷಕ್ಕೊಂದು ಸ್ಕ್ಯಾನ್ ಮಾಡಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳುತ್ತದೆ. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳಿಂದ ಅಪರೂಪದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್ ಬರುವುದು ಕಂಡುಬಂದು, 2019ರಲ್ಲಿ ಅವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ವರ್ಷಗಳ ನಂತರವೂ ಒಂದು ಬದಿ ಇದ್ದಕ್ಕಿದ್ದಂತೆ ಊದಿಕೊಂಡರೆ ಕೂಡಲೇ ತೋರಿಸಿ. ಇಂಪ್ಲಾಂಟ್‌ನ ವಿವರವಿರುವ ಕಾರ್ಡನ್ನು ಜೋಪಾನವಾಗಿಡಿ. ಮುಂದೊಂದು ದಿನ ಎರಡನೇ ಶಸ್ತ್ರಚಿಕಿತ್ಸೆಗೂ ಹಣ ಬೇಕಾದೀತು ಎಂಬುದು ಲೆಕ್ಕದಲ್ಲಿರಲಿ.

ಇಂಜೆಕ್ಷನ್ ಬೇಡವೇ ಬೇಡ

ಇಂಪ್ಲಾಂಟ್‌ನಲ್ಲಿ ಸಿಲಿಕೋನ್ ಒಂದು ಚೀಲದೊಳಗೆ ಇರುತ್ತದೆ. ಕದ್ದುಮುಚ್ಚಿ ಚುಚ್ಚುವ ದ್ರವ ಸಿಲಿಕೋನ್ ಎಲ್ಲಿ ಬೇಕಾದರೂ ಹರಿಯುತ್ತದೆ. ಅದು ಗಂಟು ಕಟ್ಟುತ್ತದೆ, ಕೀವಾಗುತ್ತದೆ. ರಕ್ತನಾಳ ಸೇರಿದರೆ ಶ್ವಾಸಕೋಶಕ್ಕೆ ಹೋಗಿ ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಒಮ್ಮೆ ಒಳಗೆ ಹೋದದ್ದನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ. ಈಗಾಗಲೇ ಚುಚ್ಚಿಸಿಕೊಂಡಿದ್ದರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯವರಿಗೊಂದು ಮಾತು

ತಮ್ಮ ಲಿಂಗ ಯಾವುದೆಂದು ಹೇಳುವ ಹಕ್ಕು ಇವರಿಗಿದೆಯೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಹಾರ್ಮೋನ್ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯ ಒದಗಿಸುವುದು ಸರ್ಕಾರದ ಹೊಣೆಯೆಂದು 2019ರ ಕಾಯ್ದೆ ಹೇಳಿತು. ಆದರೆ ಮನೆಯಲ್ಲಿ ಹೇಳಿಕೊಳ್ಳಲಾಗದವರು ಅಡ್ಡದಾರಿ ಹಿಡಿಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಭಾರ ಎತ್ತುವಂತಿಲ್ಲ, ಕೈ ಮೇಲೆತ್ತುವುದೂ ಕಷ್ಟ. ಊಟ ಕೊಟ್ಟು, ತಲೆ ಬಾಚಿ ನೋಡಿಕೊಳ್ಳಲು ಮನೆಯವರೇ ಬೇಕಲ್ಲವೇ?

ಇನ್ನೂ ಕಾಯಬೇಕೆಂದಾಗ ಆ ಹುಡುಗಿಯ ಮುಖ ಸಪ್ಪಗಾಯಿತು. "ಕಾಯೋಣ ಕಣೇ. ಆಮೇಲೂ ಬೇಕು ಅನ್ನಿಸಿದ್ರೆ ಆಸ್ಪತ್ರೆಗೆ ನಾನೇ ಜೊತೆಗೆ ಬರ್ತೀನಿ" ಎಂದರು ತಾಯಿ. ಇಂಜೆಕ್ಷನ್ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.