ಇಂಟರ್ನೆಟ್ ದೂರವಾಣಿಯ ಗಡಿ ಕಾವಲು

ಊರಿನಿಂದ ಚಿಕಿತ್ಸೆಗೆಂದು ಮುಂಬಯಿಗೆ ಬರುವವರು ಮೊದಲು ವಿಚಾರಿಸುವುದು ತಂಗಲು ಜಾಗವನ್ನು. ಅಂಥವರ ಅನುಕೂಲಕ್ಕಾಗಿ ಬೆಳಿಗ್ಗೆ ಮತ್ತು ಸಂಜೆ ನಮ್ಮ ಸಂಘದ ಸದಸ್ಯರೊಬ್ಬರು ದೂರವಾಣಿಯ ಬಳಿ ಕುಳಿತಿರುವ ಪದ್ಧತಿ ಬಹು ಕಾಲದಿಂದ ನಡೆದು ಬಂದಿದೆ. ಹಳೆಯ ತಂತಿಯ ಸಂಪರ್ಕವನ್ನು ಬಿಟ್ಟು ಇಂಟರ್ನೆಟ್ ದೂರವಾಣಿಯನ್ನು ಹಾಕಿಸಿದ ಮೇಲೆ ಖರ್ಚು ತಗ್ಗಿತು. ಒಂದು ಫೋನ್ ಇದ್ದಲ್ಲಿ ನಾಲ್ಕಾದವು. ಆದರೆ ಮೊದಲ ವಾರದಲ್ಲಿಯೇ ಒಂದು ತೊಡಕು ತಲೆದೋರಿತು. ಫೋನು ಗಣಗಣಿಸುವುದು, ನಾವು ಎತ್ತಿ "ಹಲೋ" ಎನ್ನುವುದು, ಆ ಕಡೆಯಿಂದ ಸದ್ದೇ ಇಲ್ಲದಿರುವುದು. ಯಾರೋ ಕೀಟಲೆ ಮಾಡುತ್ತಿರಬೇಕೆಂದು ನಾವು ಫೋನ್ ಇಟ್ಟುಬಿಡುತ್ತಿದ್ದೆವು.

ಎರಡು ದಿನಗಳ ತರುವಾಯ ಹುಬ್ಬಳ್ಳಿಯ ಕಡೆಯ ಹಿರಿಯರೊಬ್ಬರು, ಕಾಯಿಲೆಯ ಮಗನನ್ನು ಕರೆದುಕೊಂಡು, ಕೇಳುತ್ತ ಕೇಳುತ್ತ ಸಂಘದ ಬಾಗಿಲಿಗೆ ಬಂದರು. "ನಿಮ್ಮ ದನಿ ಛಲೋ ಕೇಳ್ತಿತ್ರೀ. ನಾ ಎಷ್ಟ ಒದರಿದ್ರೂ ನೀವು ಹಲೋ ಹಲೋ ಅಂತ ಫೋನ್ ಇಟ್ಟಬಿಟ್ರಿ" ಎಂದರು. ಒಂದು ರಾತ್ರಿಯನ್ನು ಅವರು ರೈಲು ನಿಲ್ದಾಣದಲ್ಲಿಯೇ ಕಳೆದಿದ್ದರು. ನಮಗಾದ ನಾಚಿಕೆಯನ್ನು ಬೇರೆ ಹೇಳಬೇಕಾದುದಿಲ್ಲ. ಈ ದೋಷದ ಮೂಲವನ್ನು ಹುಡುಕುತ್ತ ಹೋದಾಗ ನಾವು ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಸಣ್ಣ ಕಚೇರಿ, ಶಾಲೆ, ಔಷಧಾಲಯಗಳನ್ನು ನಡೆಸುವ ನಮ್ಮವರಿಗೂ ಇದರಿಂದ ಪ್ರಯೋಜನವಾದೀತು.

ಇಂಟರ್ನೆಟ್ ದೂರವಾಣಿಯ ಪ್ರತಿಯೊಂದು ಕರೆಯಲ್ಲಿಯೂ ಎರಡು ಭಾಗಗಳಿರುತ್ತವೆ. ಮೊದಲನೆಯದು ಕರೆಯೋಲೆ: ಯಾರು ಯಾರನ್ನು ಕರೆಯುತ್ತಿದ್ದಾರೆ, ಕರೆ ಒಪ್ಪಿತವಾಯಿತೇ, ಮುಗಿಯಿತೇ ಎಂಬ ವ್ಯವಹಾರ. ಇದಕ್ಕೆ ಸಿಪ್ ಎಂಬ ನಿಯಮಾವಳಿಯುಂಟು. ೧೯೯೯ರಲ್ಲಿ ಮೊದಲು ಪ್ರಕಟವಾಗಿ ೨೦೦೨ರಲ್ಲಿ ಪರಿಷ್ಕೃತವಾಯಿತು. ಎರಡನೆಯದು ಧ್ವನಿ. ಅದು ಆರ್.ಟಿ.ಪಿ. ಎಂಬ ಬೇರೆ ನಿಯಮದಂತೆ ಸಣ್ಣ ಸಣ್ಣ ಪೊಟ್ಟಣಗಳಾಗಿ, ಸಾಧಾರಣವಾಗಿ ಸೆಕೆಂಡಿಗೆ ೫೦ರಂತೆ, ಬೇರೆ ದಾರಿಯಿಂದ ಹೋಗುತ್ತದೆ. ಕರೆಯೋಲೆಯ ಒಳಗೆ "ನನಗೆ ಕೇಳಿಸಬೇಕಾದ ಧ್ವನಿಯನ್ನು ಈ ವಿಳಾಸಕ್ಕೆ ಕಳುಹಿಸಿರಿ" ಎಂದು ಬರೆದಿರುತ್ತದೆ. ತೊಡಕೆಲ್ಲ ಈ ವಿಳಾಸದಲ್ಲಿಯೇ ಇದೆ.

ಕಚೇರಿಯ ಒಳಗಿನ ಯಂತ್ರಗಳಿಗೆ ೧೯೨.೧೬೮ ಎಂದು ಮೊದಲಾಗುವ ಒಳ ವಿಳಾಸಗಳಿರುವುದು ರೂಢಿ. ಚಾಳಿನಲ್ಲಿ ವಾಸಿಸಿದವರಿಗೆ ಇದನ್ನು ತಿಳಿಸುವುದು ಸುಲಭ. "ಖೋಲಿ ನಂಬರು ೭" ಎಂದರೆ ಆ ಚಾಳಿನವರಿಗೆಲ್ಲ ಗೊತ್ತು. ಆದರೆ ಊರಿಗೆ ಬರೆದ ಕಾಗದದಲ್ಲಿ "ಉತ್ತರವನ್ನು ಖೋಲಿ ನಂಬರು ೭ಕ್ಕೆ ಕಳುಹಿಸಿ" ಎಂದಷ್ಟೇ ಬರೆದರೆ ಅಂಚೆಯವನು ಏನು ಮಾಡಬೇಕು? ರೂಟರ್ ಎಂಬ ಪೆಟ್ಟಿಗೆ ಲಕೋಟೆಯ ಮೇಲಿನ ವಿಳಾಸವನ್ನು ತಿದ್ದುತ್ತದೆಯೇ ಹೊರತು ಒಳಗಿನ ಕಾಗದವನ್ನು ಓದುವುದಿಲ್ಲ. ಆದುದರಿಂದ ನಮ್ಮ ಧ್ವನಿ ಹಿರಿಯರಿಗೆ ತಲಪಿತು. ಅವರ ಧ್ವನಿ ಮಾತ್ರ ಇಲ್ಲದ ವಿಳಾಸವನ್ನು ಹುಡುಕುತ್ತ ಕಳೆದುಹೋಯಿತು. ಕೆಲವು ರೂಟರುಗಳು ಕಾಗದವನ್ನೂ ಓದಿ ತಿದ್ದಲು ಹೋಗುತ್ತವೆ. ಸಿಪ್ ಎ.ಎಲ್.ಜಿ. ಎಂದು ಕರೆಯುವ ಈ ಉಪಕಾರದಿಂದ ಅನೇಕ ವೇಳೆ ಅಪಕಾರವೇ ಹೆಚ್ಚು. ಅದನ್ನು ನಿಲ್ಲಿಸುವುದು ಮೊದಲನೆಯ ಕೆಲಸ.

ಎರಡನೆಯ ಕೆಲಸ, ಗಡಿಯಲ್ಲಿ ಸೆಷನ್ ಬಾರ್ಡರ್ ಕಂಟ್ರೋಲರ್ ಎಂಬ ಯಂತ್ರವನ್ನು ನಿಲ್ಲಿಸುವುದು. ೨೦೧೭ರವರೆಗೂ ಮುಲುಂಡ, ದಹಿಸರಗಳಲ್ಲಿ ಜಕಾತಿ ನಾಕೆಗಳಿದ್ದುದು ವಾಚಕರಿಗೆ ನೆನಪಿರಬಹುದು. ಈ ಯಂತ್ರವೂ ಅಂಥದೊಂದು ಸುಂಕದ ಕಟ್ಟೆ. ಅದಕ್ಕೆ ಒಂದು ಮುಖ ಒಳಗೆ, ಇನ್ನೊಂದು ಮುಖ ಹೊರಗೆ. ಹೊರಗಿನಿಂದ ಬಂದ ಕರೆಯನ್ನು ಅದು ತಾನೇ ಸ್ವೀಕರಿಸಿ, ಒಳಗಡೆಗೆ ಹೊಸದೊಂದು ಕರೆಯನ್ನು ತಾನೇ ಹೂಡಿ, ಎರಡನ್ನೂ ಬೆಸೆಯುತ್ತದೆ. ಹೀಗಾಗಿ ಕಾಗದದ ಒಳಗಿನ ವಿಳಾಸವನ್ನು ತಿದ್ದುವ ಅಧಿಕಾರ ಅದಕ್ಕುಂಟು. ಒಳಗೆ ಎಷ್ಟು ಫೋನುಗಳಿವೆ, ಅವುಗಳ ವಿಳಾಸವೇನು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಇದು ಬೇರೆಯೇ ಪೆಟ್ಟಿಗೆಯಾಗಿರುತ್ತದೆ. ನಮ್ಮಂಥವರಿಗೆ ಸಾಧಾರಣ ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶವೇ ಸಾಕು. ಆದರೆ ತಂದು ನಿಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದರ ಒಳಗಿನ ಸೆಟ್ಟಿಂಗುಗಳನ್ನು ಅರಿತು ಹೊಂದಿಸಬೇಕು. ಮುಖ್ಯವಾದವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಧ್ವನಿಯ ದಾರಿ. ಹೊರ ಮುಖಕ್ಕೆ ನಮ್ಮ ಸಾರ್ವಜನಿಕ ವಿಳಾಸವನ್ನು ಕೊಟ್ಟು, ಧ್ವನಿಯೂ ಯಂತ್ರದ ಮೂಲಕವೇ ಹಾಯುವಂತೆ ಮಾಡಬೇಕು. ಧ್ವನಿಗೆ ಮೀಸಲಾದ ಬಾಗಿಲುಗಳ, ಎಂದರೆ ಪೋರ್ಟುಗಳ, ಸಾಲನ್ನೂ ಗೊತ್ತುಪಡಿಸಬೇಕು. ನಾವು ೧೦೦೦೦ರಿಂದ ೧೦೯೯೯ರವರೆಗೆ ಇಟ್ಟುಕೊಂಡೆವು. ಒಂದು ಕರೆಗೆ ಒಂದೊಂದು ಮುಖದಲ್ಲಿಯೂ ಧ್ವನಿಗೆ ಒಂದು, ಅದರ ಲೆಕ್ಕಪತ್ರಕ್ಕೆ ಒಂದು, ಹೀಗೆ ಎರಡು ಬಾಗಿಲುಗಳು ಬೇಕಾಗುತ್ತವೆ. ಇದೇ ಸಾಲನ್ನು ಫೈರ್‌ವಾಲಿನಲ್ಲಿಯೂ ತೆರೆಯತಕ್ಕದ್ದು. ಅಲ್ಲಿ ಅರ್ಧ ಮಾತ್ರ ತೆರೆದಿದ್ದರೆ ಒಂದು ಕರೆ ಸರಿಯಾಗಿ, ಮತ್ತೊಂದು ಮೂಕವಾಗಿ ಬರುತ್ತದೆ. ಇಂಥ ದೋಷವನ್ನು ಹಿಡಿಯುವುದು ಬಹು ಕಷ್ಟ.

ಎರಡನೆಯದು ಕಾಲದ ಲೆಕ್ಕ. ಡೊಂಬಿವಲಿಯ ತಮ್ಮ ಮನೆಯಿಂದಲೇ ಸಂಘದ ಕರೆಗೆ ಉತ್ತರಿಸುವ ಸದಸ್ಯರು ನಮ್ಮಲ್ಲಿದ್ದಾರೆ. ಅವರ ಫೋನು "ನಾನು ಇಲ್ಲಿದ್ದೇನೆ" ಎಂದು ಆಗಾಗ ನೋಂದಾಯಿಸಿಕೊಳ್ಳುತ್ತಿರಬೇಕು. ಈ ಅವಧಿ ಅನೇಕ ಫೋನುಗಳಲ್ಲಿ ೩೬೦೦ ಸೆಕೆಂಡು, ಎಂದರೆ ಒಂದು ಗಂಟೆ. ಆದರೆ ಮನೆಯ ರೂಟರು ಅಷ್ಟು ಹೊತ್ತು ನೆನಪಿಟ್ಟುಕೊಳ್ಳುವುದಿಲ್ಲ. ಕೆಲವು ಅರ್ಧ ನಿಮಿಷದ ಮೌನಕ್ಕೇ ಮರೆತುಬಿಡುತ್ತವೆ. ಆಮೇಲೆ ಇಲ್ಲಿಂದ ಕರೆ ಹೋದರೆ ಅಲ್ಲಿ ಗಂಟೆಯೇ ಬಾರಿಸದು. ಅವರು ಮಾಡುವ ಕರೆ ಮಾತ್ರ ಸರಾಗವಾಗಿ ಬರುತ್ತದೆ. ಇದಕ್ಕೆ ಪರಿಹಾರವೆಂದರೆ ಮನೆಯ ಫೋನುಗಳಿಗೆ ಚಿಕ್ಕ ಅವಧಿಯನ್ನು ವಿಧಿಸುವುದು, ಅಥವಾ ೨೫ ಸೆಕೆಂಡಿಗೊಮ್ಮೆ ಒಂದು ಖಾಲಿ ಸಂದೇಶವನ್ನು ಕಳುಹಿಸಿ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವುದು. ಸೇವೆ ಒದಗಿಸುವವರ ಕಡೆಗೆ ಗಂಟೆಯ ಅವಧಿಯೇ ಇರಲಿ. ಎರಡೂ ಕಡೆಗೆ ಬೇರೆ ಬೇರೆ ಗಡುವು ಇಡುವುದೇ ಈ ಯಂತ್ರದ ವೈಶಿಷ್ಟ್ಯ.

ಕಾಲಕ್ಕೆ ಸಂಬಂಧಿಸಿದ ಇನ್ನೊಂದು ಸೆಟ್ಟಿಂಗು ಸೆಷನ್ ಟೈಮರು. ಕರೆ ಇನ್ನೂ ಜೀವಂತವಾಗಿದೆಯೇ ಎಂದು ಎರಡೂ ಕಡೆಯ ಯಂತ್ರಗಳು ಆಗಾಗ ವಿಚಾರಿಸಿಕೊಳ್ಳುತ್ತವೆ. ರೂಢಿಯ ಗಡುವು ೧೮೦೦ ಸೆಕೆಂಡು. ಅದರ ಅರ್ಧಕ್ಕೆ, ಎಂದರೆ ಹದಿನೈದು ನಿಮಿಷಕ್ಕೆ, ಒಮ್ಮೆ ವಿಚಾರಣೆ. ನಿಮ್ಮ ಕರೆಗಳು ಗಡಿಯಾರ ನೋಡಿದಂತೆ ಸರಿಯಾಗಿ ಹದಿನೈದು ಅಥವಾ ಮೂವತ್ತು ನಿಮಿಷಕ್ಕೆ ಕಡಿದುಹೋಗುತ್ತಿದ್ದರೆ ತಂತಿಯನ್ನು ಬೈಯದೆ ಮೊದಲು ಇದನ್ನು ಪರೀಕ್ಷಿಸಿರಿ.

ಮೂರನೆಯದು ಸಂಖ್ಯೆಗಳ ರೂಪ. ಹುಬ್ಬಳ್ಳಿಯ ಸಂಖ್ಯೆ ಒಮ್ಮೆ ೦೮೩೬ ಎಂದು, ಒಮ್ಮೆ +೯೧೮೩೬ ಎಂದು, ಮತ್ತೊಮ್ಮೆ ೦೦೯೧೮೩೬ ಎಂದು ಮೊದಲಾಗಬಹುದು. ಮೂರೂ ಒಂದೇ. ಎಲ್ಲವನ್ನೂ +೯೧ ಮತ್ತು ಹತ್ತು ಅಂಕೆಗಳ ಒಂದೇ ರೂಪಕ್ಕೆ ತರುವ ನಿಯಮವನ್ನು ಯಂತ್ರದಲ್ಲಿ ಬರೆದಿಡಬೇಕು. ಇದು ಅಂದಚಂದದ ಮಾತಲ್ಲ. ಆ ದಿನ ಹಿರಿಯರ ಸಂಖ್ಯೆ ನಮ್ಮ ಫೋನಿನಲ್ಲಿ ಸರಿಯಾಗಿ ಮೂಡಿದ್ದರೆ ಮೊಬೈಲಿನಿಂದಲಾದರೂ ತಿರುಗಿ ಕರೆಯಬಹುದಾಗಿತ್ತು. ೧೧೨ರಂಥ ತುರ್ತು ಸಂಖ್ಯೆಗಳಿಗೆ ಈ ನಿಯಮ ತಗಲದಂತೆ ಎಚ್ಚರ ವಹಿಸಬೇಕು. ಅವು ಎಲ್ಲಿಗೆ ಸೇರುತ್ತವೆಂಬುದನ್ನು ಸೇವೆ ಒದಗಿಸುವವರಲ್ಲಿ ಮೊದಲೇ ಕೇಳಿ ತಿಳಿದಿರಬೇಕು.

ನಾಲ್ಕನೆಯದು ಧ್ವನಿಯ ಅಳತೆ. ಜಿ.೭೧೧ ಎಂಬ ಪದ್ಧತಿಯಲ್ಲಿ ಧ್ವನಿ ಸೆಕೆಂಡಿಗೆ ೬೪ ಕಿಲೋಬಿಟ್. ಪ್ರತಿ ಪೊಟ್ಟಣಕ್ಕೂ ೪೦ ಬೈಟುಗಳ ವಿಳಾಸ ಚೀಟಿ ಸೇರಿ ೮೦ ಆಗುತ್ತದೆ. ಜಿ.೭೨೯ರಲ್ಲಿ ಧ್ವನಿ ೮, ಚೀಟಿ ಸೇರಿ ೨೪. ಎರಡನೆಯದು ಅಗ್ಗವೆಂದು ಹಾರಿಬೀಳಬಾರದು. ಒಂದು ಕಡೆ ಒಂದು ಪದ್ಧತಿ, ಇನ್ನೊಂದು ಕಡೆ ಇನ್ನೊಂದಾದರೆ ಯಂತ್ರ ದುಭಾಷಿಯಂತೆ ನಡುವೆ ಕುಳಿತು ಅನುವಾದ ಮಾಡಬೇಕು. ಅದರಿಂದ ಅದಕ್ಕೂ ಶ್ರಮ, ಧ್ವನಿಗೂ ನಷ್ಟ. ಎರಡೂ ಕಡೆ ಜಿ.೭೧೧ರ ಎ-ಲಾ ರೂಪವನ್ನೇ ಮೊದಲ ಆಯ್ಕೆಯಾಗಿಟ್ಟೆವು. ಏಕಕಾಲದಲ್ಲಿ ನಾಲ್ಕೇ ಕರೆ ಎಂದು ಮಿತಿ ಹಾಕಿದೆವು. ೩೨೦ ಕಿಲೋಬಿಟ್ ಸಾಕು. ಐದನೆಯವರಿಗೆ ಬಿಡುವಿಲ್ಲವೆಂಬ ಸದ್ದು ಕೇಳುವುದು, ಐವರ ಮಾತೂ ತುಂಡುತುಂಡಾಗುವುದಕ್ಕಿಂತ ಲೇಸು. ಇದರೊಂದಿಗೆ, "ಕನ್ನಡಕ್ಕೆ ಒಂದನ್ನು ಒತ್ತಿ" ಎನ್ನುವಂಥ ಗುಂಡಿಯ ಸದ್ದುಗಳನ್ನು ಧ್ವನಿಯೊಳಗೆ ಬೆರೆಸದೆ ಪ್ರತ್ಯೇಕ ಪೊಟ್ಟಣವಾಗಿ ಕಳುಹಿಸುವ ಪದ್ಧತಿಯನ್ನು ಎರಡೂ ಕಡೆ ಒಂದೇ ರೀತಿಯಾಗಿ ಆರಿಸಬೇಕು. ಇಲ್ಲವಾದರೆ ಆಸ್ಪತ್ರೆಗೋ ಬ್ಯಾಂಕಿಗೋ ಕರೆ ಮಾಡಿ ಎಷ್ಟು ಗುಂಡಿ ಒತ್ತಿದರೂ ಆ ಕಡೆಯ ಯಂತ್ರ ಮಿಸುಕದು.

ಕೊನೆಯದು ರಕ್ಷಣೆ. ಯಂತ್ರವನ್ನು ನಿಲ್ಲಿಸಿದ ಮೊದಲನೆಯ ರಾತ್ರಿಯೇ ದಾಖಲೆಯಲ್ಲಿ ಒಂದು ವಿಷಯ ಕಂಡುಬಂದಿತು. ಯಾರೋ ೧೦೦, ೧೦೧, ೧೦೨ ಎಂದು ಒಳ ಸಂಖ್ಯೆಗಳನ್ನು ಸಾಲಾಗಿ ಹೆಸರಿಸಿ ಗುಪ್ತಪದಗಳನ್ನು ಊಹಿಸುತ್ತಿದ್ದರು. ಇಂಥವರು ಸಿಪ್ ಬಳಸುವ ೫೦೬೦ನೆಯ ಪೋರ್ಟನ್ನು ತಟ್ಟುತ್ತ ಇಂಟರ್ನೆಟ್ ತುಂಬ ಅಲೆಯುತ್ತಾರೆ. ಒಂದು ಗುಪ್ತಪದ ಸಿಕ್ಕಿದರೆ ಸಾಕು. ವಾರಾಂತ್ಯದ ರಾತ್ರಿ ದುಬಾರಿ ವಿದೇಶೀ ಸಂಖ್ಯೆಗಳಿಗೆ ಕರೆಗಳನ್ನು ಹರಿಸಿ, ಆ ದರದಲ್ಲಿ ತಾವು ಪಾಲು ಪಡೆಯುತ್ತಾರೆ. ಬಿಲ್ಲು ಬರುವುದು ನಮಗೆ. ಸದಸ್ಯರ ವಂತಿಗೆಯಿಂದ ನಡೆಯುವ ಸಂಸ್ಥೆ ಅದನ್ನು ತಾಳಿಕೊಂಡೀತೇ? ಆದುದರಿಂದ ಸೇವೆ ಒದಗಿಸುವವರ ವಿಳಾಸಗಳಿಂದ ಮಾತ್ರ ಹೊರಗಿನ ಕರೆಗಳನ್ನು ಸ್ವೀಕರಿಸುವಂತೆ ಮಾಡಿದೆವು. ಮನೆಯ ಫೋನುಗಳು ಬೀಗ ಹಾಕಿದ ೫೦೬೧ನೆಯ ಪೋರ್ಟಿನಿಂದಲೇ ಬರಬೇಕು. ಐದು ಸಲ ತಪ್ಪು ಗುಪ್ತಪದ ಹೇಳಿದ ವಿಳಾಸಕ್ಕೆ ಬಾಗಿಲು ಮುಚ್ಚಿತು. ವಿದೇಶೀ ಕರೆಗಳನ್ನು ಯಂತ್ರದಲ್ಲಿಯೂ ಸೇವೆ ಒದಗಿಸುವವರ ಬಳಿಯೂ, ಎರಡೂ ಕಡೆ ನಿಲ್ಲಿಸಿದೆವು.

ಇಷ್ಟನ್ನೂ ಒಂದೇ ದಿನ ಬದಲಾಯಿಸಲು ಹೋಗಬೇಡಿರಿ. ಮೊದಲು ಈಗಿರುವ ಸ್ಥಿತಿಯ ಪ್ರತಿಯನ್ನು ತೆಗೆದಿಡಿರಿ. ಒಂದು ಬದಲಾವಣೆ ಮಾಡಿ, ಒಳಬರುವ ಕರೆ, ಹೊರಹೋಗುವ ಕರೆ, ಇಪ್ಪತ್ತು ನಿಮಿಷದ ಒಂದು ದೀರ್ಘ ಕರೆ, ಹೀಗೆ ಮೂರನ್ನೂ ಪರೀಕ್ಷಿಸಿ, ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಮುಂದಿನದಕ್ಕೆ ಕೈಹಾಕಿರಿ. ವಿದ್ಯುತ್ತು ಹೋದರೆ ಈ ದೂರವಾಣಿಯೂ ಹೋಗುತ್ತದೆ. ಮೇಜಿನ ಮೇಲೆ ಒಂದು ಮೊಬೈಲ್ ಇರಲೇಬೇಕು.

ಹುಬ್ಬಳ್ಳಿಯ ಹಿರಿಯರು ಮಗನ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ಮೇಲೆ ಒಮ್ಮೆ ಕರೆ ಮಾಡಿದರು. "ಈಗ ನನ್ನ ದನಿ ಕೇಳ್ತದ ಏನ್ರೀ?" ಎಂಬುದೇ ಅವರ ಮೊದಲ ಮಾತು. ಕೇಳಿತು. ನಮ್ಮ ಟಿಪ್ಪಣಿ ಪುಸ್ತಕ ವಾಚನಾಲಯದ ಮೇಜಿನ ಮೇಲಿದೆ. ಗುಪ್ತಪದಗಳ ಹೊರತು ಉಳಿದುದೆಲ್ಲ ಅದರಲ್ಲಿದೆ. ಬೇಕಾದವರು ಬಂದು ನೋಡಿಕೊಳ್ಳಬಹುದು.