ಫ್ಯಾಕ್ಟ್ ಚೆಕ್: ಎಲ್ಲಾ ಉಣ್ಣಿ ಜ್ವರಕ್ಕೂ ಒಂದೇ ಇಂಜೆಕ್ಷನ್ ಸಾಕೇ?

ತ್ವರಿತ ನೋಟ

"ಹಸುವಿಗೆ ಉಣ್ಣಿ ಜ್ವರ ಬಂದರೆ ಪರೀಕ್ಷೆ ಏನೂ ಬೇಡ, ಮೆಡಿಕಲ್‌ನಿಂದ ಒಂದು ಇಂಜೆಕ್ಷನ್ ತಂದು ನೀವೇ ಹಾಕಿ." ಇಂಥ ಸಲಹೆ ಊರ ಕಟ್ಟೆಯಲ್ಲೂ ಸಿಗುತ್ತದೆ, ವಾಟ್ಸಾಪ್ ಗ್ರೂಪ್‌ನಲ್ಲೂ ಸಿಗುತ್ತದೆ. ನಾವು ಪರಿಶೀಲಿಸಿದಾಗ ಕಂಡದ್ದು: ಈ ಸಲಹೆ ತಪ್ಪು. ಉಣ್ಣಿ ಜ್ವರ ಎಂಬುದು ಒಂದು ರೋಗವಲ್ಲ. ಬೇರೆ ಬೇರೆ ರೋಗಾಣುಗಳಿಗೆ ಬೇರೆ ಬೇರೆ ಔಷಧಿ ಬೇಕು.

ಇದು ನಮಗೆ ಏಕೆ ಮುಖ್ಯ?

ಹಿರಿಯೂರಿನ ನಾಲೆ ಬಯಲಿರಲಿ, ಹೊಸದುರ್ಗ-ಹೊಳಲ್ಕೆರೆಯ ತೋಟದ ಸೀಮೆ ಇರಲಿ, ಚಿತ್ರದುರ್ಗದ ಸುತ್ತಲಿನ ಒಣಭೂಮಿ ಇರಲಿ, ಮಳೆ ಕೈಕೊಟ್ಟ ವರ್ಷ ಅನೇಕ ಮನೆಗಳು ನಡೆಯುವುದು ಶಿಮುಲ್ ಡೇರಿಗೆ ಹಾಕುವ ಹಾಲಿನ ದುಡ್ಡಿನಿಂದ. ಆ ಹಾಲು ಕೊಡುವ ಎಚ್‌ಎಫ್, ಜರ್ಸಿ ಮಿಶ್ರತಳಿಗಳನ್ನೇ ಉಣ್ಣಿ ಜ್ವರ ಹೆಚ್ಚು ಕಾಡುತ್ತದೆ. ತಪ್ಪು ಔಷಧಿ ಹಾಕಿ ಎರಡು ದಿನ ಕಾದರೆ ಹಸುವೇ ಕೈತಪ್ಪಿ ಹೋಗಬಹುದು.

ಉಣ್ಣಿ ಜ್ವರ ಅಂದರೆ ಯಾವುದು?

ಉಣ್ಣಿಯನ್ನು ಕೆಲವೆಡೆ ಉಣುಗು ಎನ್ನುತ್ತಾರೆ. ಅದು ಮುಖ್ಯವಾಗಿ ಮೂರು ರೋಗ ತರುತ್ತದೆ.

1. ಥೈಲೇರಿಯಾ: ಜೋರು ಜ್ವರ, ಭುಜದ ಮುಂದಿನ ಗ್ರಂಥಿ ಊದುವುದು, ರಕ್ತ ಕಡಿಮೆಯಾಗುವುದು. ಪರಾವಲಂಬಿ ಜೀವಿಯಿಂದ ಬರುತ್ತದೆ. ಇದಕ್ಕೆ ಬುಪರ್ವಾಕ್ವೋನ್ ಕೊಡುತ್ತಾರೆ.

2. ಬೆಬೀಸಿಯಾ: ಜ್ವರದ ಜೊತೆ ಮೂತ್ರ ಕೆಂಪು ಅಥವಾ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಇದೂ ಪರಾವಲಂಬಿಯೇ. ಇದಕ್ಕೆ ಡಿಮಿನಾಜಿನ್ ಅಥವಾ ಇಮಿಡೋಕಾರ್ಬ್.

3. ಅನಾಪ್ಲಾಸ್ಮಾ: ಕಣ್ಣು, ವಸಡು ಬಿಳಿಚಿ ಹಳದಿಯಾಗುತ್ತವೆ. ಮೂತ್ರ ಕೆಂಪಾಗುವುದಿಲ್ಲ. ಇದು ಬ್ಯಾಕ್ಟೀರಿಯಾ, ಹಾಗಾಗಿ ಟೆಟ್ರಾಸೈಕ್ಲಿನ್ ಜಾತಿಯ ಆ್ಯಂಟಿಬಯಾಟಿಕ್ ಬೇಕು.

ಒಂದೇ ಹಸುವಿನಲ್ಲಿ ಎರಡು ರೋಗ ಒಟ್ಟಿಗೆ ಇರುವುದೂ ಉಂಟು. ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಹತ್ತಿರದ ಸಂಬಂಧಿಗಳಿಗೂ ಮದ್ದು ಬೇರೆ ಏಕೆ?

ಥೈಲೇರಿಯಾ ಮತ್ತು ಬೆಬೀಸಿಯಾ ಒಂದೇ ಪೂರ್ವಜನಿಂದ ಕವಲೊಡೆದ ಜೀವಿಗಳು. ಎರಡೂ ರಕ್ತದಲ್ಲಿ ಬದುಕುತ್ತವೆ. ಆದರೆ ಅವುಗಳ ಒಳಗಿನ ಹತ್ಯಾರುಗಳು, ಅಂದರೆ ಕಿಣ್ವಗಳು, ಒಂದೇ ಥರ ಇಲ್ಲ.

ಮಾಂಸ ಬೇಗ ಬೇಯಲಿ ಎಂದು ಪಪ್ಪಾಯಿ ಕಾಯಿ ಹಾಕುವುದು ನಿಮಗೆ ಗೊತ್ತಿರಬಹುದು. ಪಪ್ಪಾಯಿಯಲ್ಲಿರುವ ಪಪೇನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಇದೇ ಪಪೇನ್ ಕುಟುಂಬದ ಕಿಣ್ವಗಳು ಈ ಪರಾವಲಂಬಿಗಳಲ್ಲೂ ಇವೆ. (ಹಾಗೆಂದು ಪಪ್ಪಾಯಿ ತಿನ್ನಿಸಿದರೆ ಉಣ್ಣಿ ಜ್ವರ ಹೋಗುವುದಿಲ್ಲ. ಆ ಫಾರ್ವರ್ಡ್ ಶುರುಮಾಡಬೇಡಿ!)

ಒಂದು ಕಿಣ್ವ ಕುಟುಂಬವಾಗಿ ಬೆಳೆಯುವುದು ಹೇಗೆ? ಜೀವಕೋಶ ತನ್ನ ಜೀನ್‌ಗಳನ್ನು ನಕಲು ಮಾಡುವಾಗ ಕೆಲವೊಮ್ಮೆ ಒಂದು ಜೀನ್ ಎರಡು ಸಲ ನಕಲಾಗಿಬಿಡುತ್ತದೆ. ಮನೆಯಲ್ಲಿ ಇರುವುದು ಒಂದೇ ಕುಡುಗೋಲಾದರೆ ಅದನ್ನು ಬೇರೆ ಆಕಾರಕ್ಕೆ ತಟ್ಟಿಸಲು ಆಗುವುದಿಲ್ಲ, ಹುಲ್ಲು ಕೊಯ್ಯುವ ಕೆಲಸ ನಿಲ್ಲುತ್ತದೆ. ಎರಡಿದ್ದರೆ ಒಂದನ್ನು ಕಮ್ಮಾರನಿಗೆ ಕೊಟ್ಟು ಮಚ್ಚು ಮಾಡಿಸಬಹುದು. ಜೀನ್‌ಗಳ ಕಥೆಯೂ ಹೀಗೆಯೇ. ಒಂದು ಪ್ರತಿ ಹಳೆಯ ಕೆಲಸ ನೋಡಿಕೊಳ್ಳುತ್ತದೆ, ಇನ್ನೊಂದು ತಲೆಮಾರುಗಳ ಉದ್ದಕ್ಕೂ ಬದಲಾಗುತ್ತಾ ಹೊಸ ಕೆಲಸಕ್ಕೆ ಒಗ್ಗುತ್ತದೆ.

ಥೈಲೇರಿಯಾ ಆನ್ಯುಲೇಟಾದ ಪೂರ್ಣ ಜೀನೋಮ್ 2005ರಲ್ಲಿ, ಬೆಬೀಸಿಯಾ ಬೋವಿಸ್‌ನದು 2007ರಲ್ಲಿ ಪ್ರಕಟವಾಯಿತು. ಹೋಲಿಸಿ ನೋಡಿದಾಗ ಪಪೇನ್ ಕುಟುಂಬದ ಕೆಲವು ಸದಸ್ಯರು ಎರಡರಲ್ಲೂ ಸಿಕ್ಕವು, ಅವು ಹಳೆಯವು. ಇನ್ನು ಕೆಲವು ಒಂದು ಕವಲಿನಲ್ಲಿ ಮಾತ್ರ ಇವೆ, ಕವಲೊಡೆದ ಮೇಲೆ ಬಂದವು. ಇಂಥ ಕಿಣ್ವವನ್ನು ತಡೆಯುವ ಹೊಸ ಮದ್ದು ಹುಡುಕುವವರಿಗೆ ಇದೇ ತೊಡಕು. ಒಂದನ್ನು ಕಟ್ಟಿಹಾಕಿದರೆ ಅದರ ಒಡಹುಟ್ಟು ಆ ಕೆಲಸ ವಹಿಸಿಕೊಳ್ಳುತ್ತದೆಯೇ ಎಂದು ಮೊದಲು ನೋಡಬೇಕು.

ಬದುಕುವ ರೀತಿಯೂ ಬೇರೆ. ಬೆಬೀಸಿಯಾ ಹಸುವಿನ ಕೆಂಪು ರಕ್ತಕಣದಲ್ಲಷ್ಟೇ ಇರುತ್ತದೆ. ಥೈಲೇರಿಯಾ ಮೊದಲು ಬಿಳಿ ರಕ್ತಕಣಕ್ಕೆ ನುಗ್ಗಿ, ಅದು ಕ್ಯಾನ್ಸರ್ ಕೋಶದಂತೆ ನಿಲ್ಲದೆ ವಿಭಜನೆಯಾಗುವಂತೆ ಮಾಡುತ್ತದೆ. ಗ್ರಂಥಿ ಊದುವುದು ಇದರಿಂದಲೇ. ಇದಕ್ಕೆ ಅದು ಪಿನ್1 ಎಂಬ ಕಿಣ್ವವನ್ನು ಬಳಸುತ್ತದೆ ಎಂದು 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಪಿನ್1 ಹಸುವಿನಲ್ಲೂ ಇದೆ, ನಮ್ಮಲ್ಲೂ ಇದೆ. ಪರಾವಲಂಬಿ ತನ್ನದೇ ಪ್ರತಿಯನ್ನು ಬಿಳಿ ರಕ್ತಕಣದೊಳಗೆ ಬಿಟ್ಟು, ಅಲ್ಲಿನ ನಿಯಂತ್ರಣ ತಪ್ಪಿಸುತ್ತದೆ. ಬುಪರ್ವಾಕ್ವೋನ್ ಈ ಪಿನ್1 ಅನ್ನೂ, ಪರಾವಲಂಬಿಯ ಶಕ್ತಿ ಉತ್ಪಾದನೆಗೆ ಬೇಕಾದ ಸೈಟೋಕ್ರೋಮ್ ಬಿ ಅನ್ನೂ ಹಿಡಿಯುತ್ತದೆ.

ಮದ್ದು ನಾಟದಂತಾದರೆ?

ಟುನೀಷಿಯಾ, ಇರಾನ್‌ನಂಥ ದೇಶಗಳಲ್ಲಿ ಸೈಟೋಕ್ರೋಮ್ ಬಿ ಜೀನ್ ಬದಲಾಗಿ ಬುಪರ್ವಾಕ್ವೋನ್‌ಗೆ ಬಗ್ಗದ ಥೈಲೇರಿಯಾ ಸಿಕ್ಕಿದೆ. ಟುನೀಷಿಯಾದಲ್ಲಿ ಪಿನ್1 ಬದಲಾದದ್ದೂ ಕಂಡಿದೆ. ಅಂದಾಜಿನ ಮೇಲೆ ಕಡಿಮೆ ಡೋಸ್ ಹಾಕಿದರೆ ಸುಲಭಕ್ಕೆ ಸಾಯುವವು ಸತ್ತು, ಮದ್ದನ್ನು ತಡೆದುಕೊಳ್ಳುವವು ಉಳಿಯುತ್ತವೆ. ಅವುಗಳನ್ನು ಉಣ್ಣಿ ಪಕ್ಕದ ಕೊಟ್ಟಿಗೆಗೂ ಮುಟ್ಟಿಸುತ್ತದೆ. ಥೈಲೇರಿಯಾಕ್ಕೆ ನೆಚ್ಚುವ ಮದ್ದುಗಳೇ ಕೆಲವು. ಅವನ್ನೂ ಕಳೆದುಕೊಂಡರೆ ಕಷ್ಟ.

ಇನ್ನೊಂದು ಅಪಾಯವಿದೆ. ಅನಾಪ್ಲಾಸ್ಮಾ ಸೂಜಿಯಿಂದಲೂ ಹರಡುತ್ತದೆ. ಒಂದೇ ಸೂಜಿಯಲ್ಲಿ ಎರಡು ಮೂರು ಹಸುಗಳಿಗೆ ಚುಚ್ಚಿದರೆ ಇಲ್ಲದ ಹಸುವಿಗೂ ರೋಗ ಅಂಟಬಹುದು.

ಇನ್ನೆರಡು ಪ್ರಶ್ನೆಗಳು

ನಾಟಿ ದನಕ್ಕೆ ಬರುವುದೇ ಇಲ್ಲವೇ? ಅರ್ಧ ಸತ್ಯ. ದೇಸಿ ತಳಿಗಳು ಮಿಶ್ರತಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಆದರೆ ಲಕ್ಷಣ ಕಾಣದಿದ್ದರೂ ಅವುಗಳ ರಕ್ತದಲ್ಲಿ ಪರಾವಲಂಬಿ ಉಳಿದು, ಉಣ್ಣಿಯ ಮೂಲಕ ಪಕ್ಕದ ಹಸುವಿಗೆ ಹೋಗಬಹುದು.

ಇದು ಮಂಗನ ಕಾಯಿಲೆಯೇ? ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಆ ಕಾಯಿಲೆ ವೈರಸ್‌ನಿಂದ ಬರುತ್ತದೆ. ಹಸುವಿನ ಥೈಲೇರಿಯಾ ಮನುಷ್ಯರಿಗೆ ಬರುವುದಿಲ್ಲ. ಆದರೂ ಉಣ್ಣಿಯನ್ನು ಬರಿಗೈಯಲ್ಲಿ ಹಿಂಡಬೇಡಿ, ಅದರಲ್ಲಿ ಬೇರೆ ರೋಗಾಣು ಇರಬಹುದು.

ಏನು ಮಾಡಬೇಕು?

- ಜ್ವರ, ಗ್ರಂಥಿ ಊತ, ಕೆಂಪು ಮೂತ್ರ ಕಂಡ ದಿನವೇ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಿ.
- ಔಷಧಿ ಕೊಡುವ ಮೊದಲೇ ರಕ್ತದ ಸ್ಲೈಡ್ ತೆಗೆಯಲು ಕೇಳಿ.
- ಚಿಕಿತ್ಸೆಯ ನಂತರ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂದು ಕೇಳಿ.
- ಥೈಲೇರಿಯಾ ಹರಡುವ ಹಯಲೋಮಾ ಉಣ್ಣಿ ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ ಅಡಗಿ ಮೊಟ್ಟೆ ಇಡುತ್ತದೆ. ಹಸುವಿನ ಮೈಗೆ ಮಾತ್ರ ಔಷಧಿ ಹೊಡೆದರೆ ಸಾಲದು, ಬಿರುಕುಗಳನ್ನೂ ಮುಚ್ಚಿ.
- ಥೈಲೇರಿಯಾಕ್ಕೆ ಲಸಿಕೆ ಇದೆ. ನಿಮ್ಮ ಮಿಶ್ರತಳಿ ಹಸುವಿಗೆ ಹಾಕಿಸಬಹುದೇ ಎಂದು ಪಶುವೈದ್ಯರನ್ನು ವಿಚಾರಿಸಿ.

ನಮ್ಮ ತೀರ್ಮಾನ

ಎಲ್ಲಾ ಉಣ್ಣಿ ಜ್ವರಕ್ಕೂ ಒಂದೇ ಇಂಜೆಕ್ಷನ್ ಸಾಕು ಎಂಬುದು ತಪ್ಪು. ಆ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ಮುಂದೆ ಕಳಿಸಬೇಡಿ. ಬದಲಿಗೆ 1962 ನಂಬರ್ ಕಳಿಸಿ.